ಕೈಯಲ್ಲಿ ಹಿಡಿದ ಕ್ಯಾಮೆರಾ, ಮಸುಕಾದ ಫೋಟೊ: ಕೊಡಗಿನ ನೆರಳು-ಮಳೆಯಲ್ಲಿ ಅಲುಗಾಟದ ದೋಷ ಹುಡುಕುವ ಬಗೆ

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಚೆನ್ನಾಗಿ ಕಂಡ ಫೋಟೊ, ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದ ಮೇಲೆ ಮಸುಕು. ಮಂಗಟ್ಟೆಯ ಕತ್ತಿನ ಗರಿ ಬಿಡಿಬಿಡಿಯಾಗಿ ಕಾಣುವುದಿಲ್ಲ, ಕಾಫಿ ಹೂವಿನ ಎಸಳಿಗೆ ಅಂಚೇ ಇಲ್ಲ. ಹೀಗಾದಾಗ ಅನುಮಾನ ಮೊದಲು ಹೋಗುವುದು ಲೆನ್ಸಿನ ಮೇಲೆ. ಲೆನ್ಸ್ ಕೆಟ್ಟಿರುವುದೂ ಉಂಟು, ಆದರೆ ಅಪರೂಪ. ಶಟರ್ ತೆರೆದಿದ್ದಷ್ಟು ಹೊತ್ತು ಕ್ಯಾಮೆರಾ ನಿಲ್ಲಲಿಲ್ಲ ಎಂಬುದೇ ಬಹುಪಾಲು ಸಲ ಕಾರಣ. ಕೊಡಗಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಇಲ್ಲಿ ಫೋಟೊ ತೆಗೆಯಬೇಕು ಅನಿಸುವ ಅರ್ಧಕ್ಕರ್ಧ ಸಂಗತಿಗಳು ನೆರಳಿನಲ್ಲೇ ಇವೆ: ಸಿಲ್ವರ್ ಓಕ್, ಹಲಸು, ಹಾಲುವಾಣಗಳ ಕೆಳಗಿನ ತೋಟ, ಇರ್ಪು ಜಲಪಾತದ ದಾರಿಯ ಕಾಡು, ಐನ್‌ಮನೆಯ (ಕೊಡವ ಕುಟುಂಬದ ಹಿರಿಯರ ಮನೆ) ಒಳಾಂಗಣ. ನಮ್ಮ ಕಣ್ಣು ಎರಡು ನಿಮಿಷದಲ್ಲಿ ನೆರಳಿಗೆ ಒಗ್ಗಿಕೊಂಡು ‘ಬೆಳಕು ಸಾಕಷ್ಟಿದೆ’ ಎನ್ನುತ್ತದೆ. ಕ್ಯಾಮೆರಾ ಮಾತ್ರ ಸದ್ದಿಲ್ಲದೆ ಶಟರನ್ನು ನಿಧಾನ ಮಾಡಿಕೊಂಡಿರುತ್ತದೆ.

ಹಾಗಾಗಿ ಲೆನ್ಸ್ ಮಾರುವುದು, ಹೊಸದು ಕೊಳ್ಳುವುದು, ಸರ್ವಿಸ್‌ಗೆ ಕೊಡುವುದು ಎಲ್ಲ ಆಮೇಲೆ. ಮೊದಲು ಮಸುಕಿನ ಆಕಾರ ನೋಡಿ. ಪ್ರತಿ ಬಗೆಯ ಮಸುಕೂ ತನ್ನದೇ ಜಾಡು ಬಿಟ್ಟಿರುತ್ತದೆ.

ಮೊದಲು ಜಾಡು ಓದಿ

ವಾಟ್ಸಾಪ್‌ನಲ್ಲಿ ಬಂದ ಪ್ರತಿಯನ್ನು ನೋಡಿ ತೀರ್ಮಾನಿಸಬೇಡಿ, ಅದು ಕುಗ್ಗಿಸಿದ್ದು. ಮೆಮೊರಿ ಕಾರ್ಡಿನಲ್ಲಿರುವ ಮೂಲ ಫೈಲನ್ನು ತೆರೆದು 100 ಪ್ರತಿಶತಕ್ಕೆ ಹಿಗ್ಗಿಸಿ, ಸಣ್ಣದೊಂದು ಹೊಳೆಯುವ ಚುಕ್ಕೆ ಹುಡುಕಿ. ಮಳೆಗಾಲದ ತೋಟದಲ್ಲಿ ಅದಕ್ಕೇನೂ ಬರವಿಲ್ಲ.

ಕಾಫಿ ಎಲೆಯ ಮೊನೆಯಲ್ಲಿ ತೂಗುವ ಒಂದು ಹನಿ ಇದೆ ಅಂದುಕೊಳ್ಳಿ. ಹನಿಯೊಳಗೆ ಆಕಾಶದ ಬಿಳಿ ಬಿಂದುವೊಂದು ಮಿನುಗುತ್ತಿರುತ್ತದೆ. ಕ್ಯಾಮೆರಾ ನಿಂತಿದ್ದರೆ ಅದು ಎರಡು ಮೂರು ಪಿಕ್ಸೆಲ್ ಅಗಲದ ಗುಂಡು ಬಿಂದು. 1/30 ಸೆಕೆಂಡಿನಲ್ಲಿ ಕೈ ಕದಲಿದ್ದರೆ ಅದೇ ಬಿಂದು ಸಣ್ಣ ಗೆರೆಯಾಗಿ, ಗೆರೆಯ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಬೆರಳು ಗುಂಡಿಯನ್ನು ಒತ್ತಿದಾಗ ಕ್ಯಾಮೆರಾ ಕೆಳಗೆ ಜಗ್ಗಿತು, ಮಣಿಕಟ್ಟು ಅದನ್ನು ಮೇಲಕ್ಕೆ ಎಳೆದುಕೊಂಡಿತು. ಆ ಕೊಕ್ಕೆ ಇವೆರಡರ ಗುರುತು. ಈಗ ಫೋಟೊದ ಬೇರೆ ಕಡೆಯ ಹನಿಗಳನ್ನು ನೋಡಿ. ಎಲ್ಲವೂ ಅದೇ ದಿಕ್ಕಿಗೆ, ಅದೇ ಉದ್ದಕ್ಕೆ, ಅದೇ ಕೊಕ್ಕೆಯೊಂದಿಗೆ ಎಳೆದಿದ್ದರೆ ಸಂಶಯವೇ ಬೇಡ, ಅದು ಕೈಯ ಅಲುಗಾಟ.

ಗೆರೆಯ ಎರಡು ತುದಿಗಳು ದಟ್ಟವಾಗಿ, ನಡು ತೆಳುವಾಗಿ ಇರುವುದೂ ಉಂಟು. ಆಗ ಕೊಂಬೆಗಳೆಲ್ಲ ಜೋಡಿಯಾಗಿ ಕಾಣುತ್ತವೆ. ಅತ್ತಿತ್ತ ಆಡುವ ವಸ್ತು ತಿರುಗುವ ತುದಿಯಲ್ಲಿ ಒಂದು ಗಳಿಗೆ ನಿಂತೇ ಹಿಂದಿರುಗುವುದು, ಉಯ್ಯಾಲೆಯ ಹಾಗೆ. ಆ ನಿಂತ ಎರಡು ಜಾಗಗಳಲ್ಲೇ ಬೆಳಕು ಹೆಚ್ಚು ಬಿದ್ದಿರುತ್ತದೆ. ಇಂಥ ಜೋಡಿ ಅಂಚು ಮೇಲೆ-ಕೆಳಗಿನ ದಿಕ್ಕಿನಲ್ಲೇ ಪದೇ ಪದೇ ಬಂದರೆ ಕೈಯನ್ನು ಬಿಟ್ಟು ಕ್ಯಾಮೆರಾದೊಳಗಿನ ಕನ್ನಡಿ ಅಥವಾ ಶಟರ್ ಪರದೆಯನ್ನು ಅನುಮಾನಿಸಿ. ಅದರ ವಿಷಯ ಮುಂದೆ ಬರುತ್ತದೆ.

ನಡು ಶಾರ್ಪ್ ಇದ್ದು ನಾಲ್ಕು ಮೂಲೆಗಳಲ್ಲಿ ಮಾತ್ರ ಚುಕ್ಕೆಗಳು ಕಮಾನಿನಂತೆ ಎಳೆದಿದ್ದರೆ ಕ್ಯಾಮೆರಾ ಗಿರಕಿ ಹೊಡೆದಿದೆ. ಶಟರ್ ಗುಂಡಿ ಬಲತುದಿಯಲ್ಲಿದೆ. ಅದನ್ನು ಕುಟ್ಟುವಂತೆ ಒತ್ತಿದರೆ ಬಲಭಾಗ ಕುಸಿದು ಇಡೀ ಕ್ಯಾಮೆರಾ ಲೆನ್ಸಿನ ಅಕ್ಷದ ಸುತ್ತ ತಿರುಗುತ್ತದೆ. ಮೂಲೆ ಮಸುಕಾಗಿರುವುದನ್ನು ನೋಡಿ ಲೆನ್ಸನ್ನು ಬೈಯುವವರು ಇದನ್ನು ಖಂಡಿತ ಪರೀಕ್ಷಿಸಬೇಕು. ಲೆನ್ಸಿನ ದೋಷವಾದರೆ ಪ್ರತಿ ಫೋಟೊದಲ್ಲೂ ಅದೇ ಮೂಲೆ ಮಸುಕು. ಗಿರಕಿಯಾದರೆ ಒಂದರಲ್ಲಿ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ.

ಹಿನ್ನೆಲೆ ಕಲ್ಲಿನಂತೆ ಗಟ್ಟಿಯಾಗಿದ್ದು ಹಕ್ಕಿಯ ರೆಕ್ಕೆ ಮಾತ್ರ ಎಳೆದಿದ್ದರೆ ಕದಲಿದ್ದು ಹಕ್ಕಿ. ಚುಕ್ಕೆ ಗೆರೆಯಾಗದೆ ದುಂಡಗೆ ಊದಿಕೊಂಡಿದ್ದು, ಹಕ್ಕಿಯ ಮುಂದಿನ ಕೊಂಬೆಯೋ ಹಿಂದಿನ ಎಲೆಯೋ ಚೆನ್ನಾಗಿ ಮೂಡಿದ್ದರೆ ಅದು ಫೋಕಸ್ ತಪ್ಪು. ಯಾವ ಆಕಾರವೂ ಇಲ್ಲದೆ ಚಿತ್ರವಿಡೀ ಹಾಲು ಚೆಲ್ಲಿದ ಹಾಗಿದ್ದರೆ ಗಾಜಿನ ಮೇಲೆ ಆವಿ, ಬೂಸ್ಟು, ಇಲ್ಲವೇ ಎದುರಿನ ಮಂಜು. ಗರಿಗಳು ಜಲವರ್ಣದಲ್ಲಿ ಬಳಿದಂತೆ ಮೆತ್ತಗಾಗಿದ್ದರೆ ಕ್ಯಾಮೆರಾದ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳಾದ ಚುಕ್ಕೆ, ಅಂದರೆ ನಾಯ್ಸನ್ನು ಒರೆಸುವ ವ್ಯವಸ್ಥೆ) ತನ್ನ ಕೆಲಸ ಮಾಡಿದೆ.

ಮೇಜಿನ ಪರೀಕ್ಷೆ

ಜಾಡು ನೋಡಿಯೂ ತೀರ್ಮಾನವಾಗದಿದ್ದರೆ ಅರ್ಧ ಗಂಟೆ ತೆಗೆದಿಟ್ಟು ಇದನ್ನು ಮಾಡಿ. ಬೆಳಕು ಬೀಳುವ ಗೋಡೆಗೆ ದಿನಪತ್ರಿಕೆಯ ಹಾಳೆಯನ್ನು ಸುಕ್ಕಿಲ್ಲದಂತೆ ಅಂಟಿಸಿ. ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಫೋಕಲ್ ಲೆಂತಿನ ಸುಮಾರು 40 ಪಟ್ಟು ದೂರದಲ್ಲಿ ನಿಲ್ಲಿ: 50 ಮಿ.ಮೀ.ಗೆ 2 ಮೀಟರ್, 200 ಮಿ.ಮೀ.ಗೆ 8 ಮೀಟರ್. ಕ್ಯಾಮೆರಾವನ್ನು ಗಟ್ಟಿ ಮೇಜಿನ ಮೇಲೆ, ಲೆನ್ಸಿನ ಕೆಳಗೆ ಮಡಿಸಿದ ಟವೆಲ್ ಕೊಟ್ಟು ಕೂರಿಸಿ. ಸ್ಟೆಬಿಲೈಸೇಷನ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಅಂಕಿ) 100, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಅಗಲ) ಎಫ್/8, 2 ಸೆಕೆಂಡಿನ ಟೈಮರ್. ಐದು ಫೋಟೊ ತೆಗೆಯಿರಿ, ಪ್ರತಿ ಸಲ ಹೊಸದಾಗಿ ಫೋಕಸ್ ಮಾಡಿ.

ಈ ಐದರಲ್ಲಿ ಅಕ್ಷರಗಳು ಕತ್ತರಿಸಿದಂತೆ ಬಂದರೆ ನಿಮ್ಮ ಲೆನ್ಸಿಗೆ ಏನೂ ಆಗಿಲ್ಲ. ಐದೂ ಮಸುಕಾದರೆ ಕೈಯ ತಪ್ಪಲ್ಲ: ಒಮ್ಮೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ) ಹಿಗ್ಗಿಸಿ, ಕೈಯಿಂದಲೇ ಫೋಕಸ್ ಮಾಡಿ ತೆಗೆದು ನೋಡಿ. ಅದು ಸರಿ ಬಂದರೆ ದೋಷ ಆಟೊಫೋಕಸ್‌ನದು. ಕನ್ನಡಿಯಿರುವ ಡಿಎಸ್‌ಎಲ್‌ಆರ್‌ಗಳಲ್ಲಿ ಇದು ಸಾಮಾನ್ಯ. ಮಧ್ಯಮ ದರ್ಜೆಗಿಂತ ಮೇಲಿನ ಅನೇಕ ಮಾಡೆಲ್‌ಗಳ ಮೆನುವಿನಲ್ಲಿ ಇದನ್ನು ತಿದ್ದುವ ಸೌಲಭ್ಯವೂ ಇದೆ. ಅದೂ ಸರಿ ಬಾರದೆ ಹಾಳೆಯ ಒಂದು ಪಕ್ಕ ಮಾತ್ರ ಸದಾ ಮಸುಕಿದ್ದರೆ, ಕ್ಯಾಮೆರಾ ಗೋಡೆಗೆ ನೇರವಾಗಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡು, ಆ ಫೈಲುಗಳನ್ನೇ ಸರ್ವಿಸ್‌ನವರಿಗೆ ಕೊಡಿ. ಬಿದ್ದು ಏಟು ತಿಂದ ಲೆನ್ಸಿನಲ್ಲಿ ಒಳಗಿನ ಗಾಜು ನಡುವಿನಿಂದ ಜರುಗಿದ್ದರೆ ಹೀಗಾಗುತ್ತದೆ. ‘ಶಾರ್ಪ್ ಬರ್ತಿಲ್ಲ’ ಎಂದಷ್ಟೇ ಹೇಳಿದರೆ ಅವರಿಗೂ ಹಿಡಿಯಲು ಏನೂ ಸಿಗುವುದಿಲ್ಲ.

ಮೇಜಿನ ಫೋಟೊ ಚೆನ್ನಾಗಿದ್ದರೆ ಪರೀಕ್ಷೆಯ ಎರಡನೆಯ ಭಾಗ. ಅದೇ ದೂರದಿಂದ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು 1/500, 1/250, 1/125, 1/60, 1/30, 1/15 ಹೀಗೆ ಒಂದೊಂದು ವೇಗದಲ್ಲೂ ಹತ್ತು ಹತ್ತು ಫೋಟೊ. ಪ್ರತಿ ಫೋಟೊಗೂ ಕ್ಯಾಮೆರಾ ಕೆಳಗಿಳಿಸಿ ಮತ್ತೆ ಎತ್ತಿ. ಹತ್ತರಲ್ಲಿ ಎಂಟು ಸರಿ ಬರುವ ಅತಿ ನಿಧಾನದ ವೇಗ ಯಾವುದೋ ಅದೇ ಆ ಲೆನ್ಸಿನಲ್ಲಿ ನಿಮ್ಮ ಗಡಿ. ಸ್ಟೆಬಿಲೈಸೇಷನ್ ಆನ್ ಮಾಡಿ ಇನ್ನೊಮ್ಮೆ. ಎರಡು ಅಂಕಿಗಳನ್ನೂ ಒಂದು ಚೀಟಿಯಲ್ಲಿ ಬರೆದು ಬ್ಯಾಗಿನಲ್ಲಿಡಿ. ಪುಸ್ತಕದ ಯಾವ ಸೂತ್ರಕ್ಕಿಂತಲೂ ಈ ಚೀಟಿ ಹೆಚ್ಚು ನಂಬಿಕೆಗೆ ಯೋಗ್ಯ.

ಕೂದಲೆಳೆಯ ಲೆಕ್ಕ

ಸೂತ್ರ ಇಷ್ಟೇ: ಶಟರ್ ಸ್ಪೀಡ್ ‘ಒಂದರ ಕೆಳಗೆ ಫೋಕಲ್ ಲೆಂತ್’ಗಿಂತ ನಿಧಾನ ಇರಬಾರದು. ಫುಲ್‌ಫ್ರೇಮ್‌ನಲ್ಲಿ (ಚಿತ್ರ ಹಿಡಿಯುವ ಸೆನ್ಸರ್ ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡದು) 200 ಮಿ.ಮೀ.ಗೆ 1/200. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಇದ್ದರೆ ಫೋಕಲ್ ಲೆಂತನ್ನು ಮೊದಲು 1.5ರಿಂದ, ಕ್ಯಾನನ್ ಆದರೆ 1.6ರಿಂದ, ಇನ್ನೂ ಚಿಕ್ಕದಾದ ಮೈಕ್ರೊ ಫೋರ್ ಥರ್ಡ್ಸ್ ಆದರೆ 2ರಿಂದ ಗುಣಿಸಬೇಕು. ನಿಕಾನ್ ಎಪಿಎಸ್-ಸಿಯಲ್ಲಿ 300 ಮಿ.ಮೀ. ಎಂದರೆ 450, ಅಂದರೆ 1/500. ಫಿಲ್ಮ್ ಕಾಲದಲ್ಲಿ ಸಣ್ಣ ಪ್ರಿಂಟ್ ನೋಡಿ ಮಾಡಿಕೊಂಡ ಸೂತ್ರ ಇದು. ಈಗ 24 ಮೆಗಾಪಿಕ್ಸೆಲ್‌ನ ಫೈಲನ್ನು ಪೂರ್ತಿ ಹಿಗ್ಗಿಸಿ ನೋಡುವವರು ಇದರ ಮೇಲೆ ಇನ್ನೊಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅಥವಾ ವೇಗ ಇಮ್ಮಡಿ, ಇಲ್ಲವೇ ಅರ್ಧ) ಸೇರಿಸಿಕೊಂಡು ವೇಗವನ್ನು ಇಮ್ಮಡಿ ಮಾಡುವುದು ಒಳ್ಳೆಯದು.

ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಯಾಕೆ ಇಷ್ಟು ಸತಾಯಿಸುತ್ತದೆ ಎಂಬುದಕ್ಕೆ ಒಂದು ಲೆಕ್ಕ. 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಸುಮಾರು 4 ಮೈಕ್ರಾನ್. 20 ಸೆಂ.ಮೀ. ಉದ್ದದ 300 ಮಿ.ಮೀ. ಲೆನ್ಸಿನ ತುದಿ ಶಟರ್ ತೆರೆದಿದ್ದಾಗ ಒಂದು ತಲೆಗೂದಲಿನ ದಪ್ಪದಷ್ಟು, ಅಂದರೆ ಸುಮಾರು 70 ಮೈಕ್ರಾನ್ ಇಳಿಯಿತು ಅನ್ನಿ. ಸೆನ್ಸರಿನ ಮೇಲೆ ಚಿತ್ರ 26 ಪಿಕ್ಸೆಲ್ ಜರುಗುತ್ತದೆ. ಅಷ್ಟೇ ಕೋನದಲ್ಲಿ 50 ಮಿ.ಮೀ. ಲೆನ್ಸ್ ಬಾಗಿದ್ದರೆ ನಾಲ್ಕೇ ಪಿಕ್ಸೆಲ್. ಆರೋಗ್ಯವಂತರ ಕೈ ಕೂಡ ಸೆಕೆಂಡಿಗೆ 8ರಿಂದ 12 ಸಲ ಸಹಜವಾಗಿ ನಡುಗುತ್ತಲೇ ಇರುತ್ತದೆ, ಅದನ್ನು ಯಾರೂ ಪೂರ್ತಿ ನಿಲ್ಲಿಸಲಾರರು. ಕೈ ನಡುಗಿತೆಂದು ನಾಚಿಕೊಳ್ಳುವುದು ಬೇಡ. ನಡುಕ ಜಾಡು ಮೂಡಿಸುವ ಮೊದಲೇ ಶಟರ್ ಮುಚ್ಚುವಂತೆ ನೋಡಿಕೊಂಡರೆ ಸಾಕು.

ಅದಕ್ಕೆ ಬೇಕಾದದ್ದು ಬೆಳಕು. ಬಯಲಿನ ಬಿಸಿಲಿನಲ್ಲಿ ಐಎಸ್‌ಒ 100, ಎಫ್/16ಕ್ಕೆ ಸುಮಾರು 1/100 ಸಿಗುತ್ತದೆ, ಅದನ್ನೇ ಎಫ್/5.6ಕ್ಕೆ ತಂದರೆ 1/800. ಈಗ ಜುಲೈ ತಿಂಗಳ ಮೋಡ, ಮೇಲೆ ಎರಡು ಅಂತಸ್ತಿನ ನೆರಳುಮರ, ಕೆಳಗೆ ರೊಬಸ್ಟಾ ಗಿಡ. ಅಲ್ಲಿ ಬೆಳಕು ಸುಮಾರು ಏಳು ಸ್ಟಾಪ್ ಕಡಿಮೆಯಾಗಿ ಎಫ್/5.6, ಐಎಸ್‌ಒ 100ಕ್ಕೆ 1/8 ಸೆಕೆಂಡು ಬರುವುದು ಏನೂ ವಿಶೇಷವಲ್ಲ. ಐಎಸ್‌ಒ 800ಕ್ಕೆ ಏರಿಸಿದರೆ 1/60, 3200ಕ್ಕೆ 1/250. 300 ಮಿ.ಮೀ.ಗೆ ಬೇಕಾದ 1/500 ಮುಟ್ಟಲು 6400 ಬೇಕು. ‘ಐಎಸ್‌ಒ 800 ದಾಟಬಾರದು’ ಎಂಬ ಹಳೆಯ ಬುದ್ಧಿವಾದವನ್ನು ಹಿಡಿದುಕೊಂಡು ಮಳೆಗಾಲದ ತೋಟಕ್ಕೆ ಇಳಿದವರ ಫೋಟೊಗಳೆಲ್ಲ 1/60ರಲ್ಲೇ ಮಸುಕಾಗಿರುತ್ತವೆ. ನಾಯ್ಸನ್ನು ಆಮೇಲೆ ತಗ್ಗಿಸಬಹುದು, ಕದಲಿದ ಗೆರೆಯನ್ನು ಮತ್ತೆ ಬಿಂದು ಮಾಡಲಾಗದು. ಐಎಸ್‌ಒ ಏರಿಸಲು ಹೆದರಿ ಕಪ್ಪಗೆ ತೆಗೆದು ಕಂಪ್ಯೂಟರಿನಲ್ಲಿ ಬೆಳಗಿಸುವುದರಿಂದಲೂ ಲಾಭವಿಲ್ಲ, ನಾಯ್ಸ್ ಅಷ್ಟೇ ಇರುತ್ತದೆ, ಒಮ್ಮೊಮ್ಮೆ ಹೆಚ್ಚೇ ಆಗುತ್ತದೆ.

ನಮ್ಮ ಶಿಫಾರಸು: ಮ್ಯಾನುವಲ್ ಮೋಡ್, ಅಪರ್ಚರ್ ಲೆನ್ಸಿನ ಅತಿ ಅಗಲದ್ದು, ಶಟರ್ ನಿಮ್ಮ ಚೀಟಿಯ ಅಂಕಿ, ಐಎಸ್‌ಒ ಆಟೊ, ಅದರ ಮೇಲ್ಮಿತಿ 6400 ಅಥವಾ 12800. ಅಪರ್ಚರ್ ಪ್ರಯಾರಿಟಿಯೇ (ಅಪರ್ಚರನ್ನು ನೀವು, ಶಟರನ್ನು ಕ್ಯಾಮೆರಾ ಆರಿಸುವ ಮೋಡ್) ರೂಢಿಯಾಗಿದ್ದರೆ ಆಟೊ ಐಎಸ್‌ಒ ಮೆನುವಿನೊಳಗೆ ‘ಮಿನಿಮಮ್ ಶಟರ್ ಸ್ಪೀಡ್’ ಇದೆ, ಅದನ್ನು ತುಂಬಿ. ಐನ್‌ಮನೆಯೊಳಗೆ ದೀಪದ ಬೆಳಕಿನಲ್ಲಿ ಹಿರಿಯರ ಚಿತ್ರ ತೆಗೆಯುವಾಗ ಎಫ್/3.5ರ ಕಿಟ್ ಲೆನ್ಸ್ ಐಎಸ್‌ಒ 3200ಕ್ಕೂ 1/20 ಮಾತ್ರ ಕೊಡುವಲ್ಲಿ, ಎಫ್/1.8ರ 35 ಅಥವಾ 50 ಮಿ.ಮೀ. ಲೆನ್ಸ್ 1/80 ಕೊಡುತ್ತದೆ. ಅಲುಗಾಟಕ್ಕೆ ದುಡ್ಡು ಹಾಕಲೇಬೇಕಾದರೆ ಇಂಥದೊಂದು ಲೆನ್ಸಿಗೆ ಹಾಕಿ.

ಹಿಡಿತ

ಮಳೆಗಾಲದಲ್ಲಿ ನಾವು ಕಾಣುವ ತಪ್ಪುಗಳಲ್ಲಿ ಮೊದಲನೆಯದು ಕೊಡೆ. ಎಡಗೈಯಲ್ಲಿ ಕೊಡೆ, ಬಲಗೈ ಒಂದರಲ್ಲೇ ಕ್ಯಾಮೆರಾ. ಗಾಳಿ ಕೊಡೆಯನ್ನು ಎಳೆದಷ್ಟು ಸಲ ಮೈ ವಾಲುತ್ತದೆ, ಲೆನ್ಸಿನ ಭಾರ ಮುಂದಕ್ಕೆ ಜಗ್ಗುತ್ತದೆ. ಕೊಡೆಯನ್ನು ಜೊತೆಯವರಿಗೆ ಕೊಡಿ. ಒಬ್ಬರೇ ಇದ್ದರೆ ದಪ್ಪ ಪ್ಲಾಸ್ಟಿಕ್ ಚೀಲದ ತಳವನ್ನು ಲೆನ್ಸ್ ಹುಡ್‌ನ (ಲೆನ್ಸಿನ ಮುಂದೆ ಸಿಕ್ಕಿಸುವ ಮರೆ) ಅಳತೆಗೆ ಕತ್ತರಿಸಿ, ರಬ್ಬರ್ ಬ್ಯಾಂಡ್ ಹಾಕಿ ಬಿಗಿದು, ಹಿಂದಿನಿಂದ ಎರಡೂ ಕೈ ಒಳಗೆ ತೂರಿಸಿ ಹಿಡಿಯಿರಿ.

ಎಡಗೈ ಲೆನ್ಸಿನ ಪಕ್ಕದಲ್ಲಲ್ಲ, ಕೆಳಗೆ ಇರಬೇಕು. ಅಂಗೈಯಲ್ಲಿ ಲೆನ್ಸ್ ಕೂತಿರಬೇಕು. ಮೊಣಕೈಗಳು ಪಕ್ಕೆಗೆ ತಾಗಿರಲಿ, ವ್ಯೂಫೈಂಡರ್ ಹುಬ್ಬಿಗೆ ಒತ್ತಿರಲಿ. ಪರದೆ ನೋಡಿಕೊಂಡು ಕೈ ಚಾಚಿ ತೆಗೆಯುವವರು ಈ ಮೂರು ಆಸರೆಗಳನ್ನೂ ಕಳೆದುಕೊಳ್ಳುತ್ತಾರೆ. ವ್ಯೂಫೈಂಡರ್ ಇಲ್ಲದ ಕ್ಯಾಮೆರಾವಾದರೆ ಪಟ್ಟಿಯನ್ನು ಕುತ್ತಿಗೆಗೆ ಹಾಕಿ, ಅದು ಬಿಗಿಯಾಗುವಷ್ಟು ಮುಂದಕ್ಕೆ ತಳ್ಳಿ ಹಿಡಿಯಿರಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಬೆರಳಿನ ಮೆತ್ತೆಯನ್ನು ಗುಂಡಿಯ ಮೇಲೆ ಉರುಳಿಸಿದ ಹಾಗೆ ಒತ್ತಿ. ಒತ್ತಿದ ತಕ್ಷಣ ಬೆರಳು ತೆಗೆಯುವುದೂ ಅಲುಗಾಟವೇ, ಒಂದು ಕ್ಷಣ ಹಾಗೇ ಹಿಡಿದಿರಿ.

ಕಂಟಿನ್ಯುವಸ್ ಮೋಡ್‌ನಲ್ಲಿ ನಾಲ್ಕೈದು ಫೋಟೊ ಒಟ್ಟಿಗೆ ತೆಗೆಯುವುದು ಬಹಳ ಒಳ್ಳೆಯ ಉಪಾಯ. ಮೊದಲನೆಯದರಲ್ಲಿ ಬೆರಳು ಒತ್ತಿದ ಜಗ್ಗು, ಕೊನೆಯದರಲ್ಲಿ ಬಿಟ್ಟ ಜಗ್ಗು ಇರುತ್ತದೆ. ನಡುವಿನವು ಹೆಚ್ಚಾಗಿ ಸರಿ ಬರುತ್ತವೆ.

ತಡಿಯಂಡಮೋಳ್ ಏರಿ ನಿಂತ ಕೂಡಲೇ ಕ್ಯಾಮೆರಾ ಎತ್ತಬೇಡಿ. 1748 ಮೀಟರ್ ಎತ್ತರದ ಶಿಖರ; ಕೊನೆಯ ಏರು ಮುಗಿಸಿದಾಗ ಎದೆಬಡಿತ ಮೊಣಕೈವರೆಗೂ ಕೇಳುತ್ತಿರುತ್ತದೆ. ಐದು ನಿಮಿಷ ಕೂತು, ಮೊಣಕಾಲಿನ ಮೇಲೆ ಮೊಣಕೈ ಊರಿ ತೆಗೆಯಿರಿ. ಕಾಫಿ ನಾಡಿನಲ್ಲಿ ಹೇಳುವುದು ಕಷ್ಟವಾದರೂ ಹೇಳಲೇಬೇಕು: ಗಟ್ಟಿ ಕಾಫಿ ಕುಡಿದ ಮೇಲಿನ ಒಂದು ಗಂಟೆ ಕೈಯ ನಡುಕ ಹೆಚ್ಚು. ಉದ್ದದ ಲೆನ್ಸ್ ಹಿಡಿಯುವ ಬೆಳಿಗ್ಗೆ ಎರಡನೆಯ ಲೋಟವನ್ನು ಫೋಟೊ ಮುಗಿದ ಮೇಲೆ ಕುಡಿಯಿರಿ.

ಒರಗಲು ಏನಾದರೂ ಸಿಕ್ಕರೆ ಒಂದೆರಡು ಸ್ಟಾಪ್ ಪುಕ್ಕಟೆ ಸಿಕ್ಕಂತೆ. ಸಿಲ್ವರ್ ಓಕಿನ ದಪ್ಪ ಕಾಂಡ ಆದೀತು, ಕಾಫಿ ಗಿಡ ಆಗದು. ಏನೂ ಇಲ್ಲದ ಕಡೆಗೆ ಒಂದು ದಾರ ಒಯ್ಯಿರಿ: ಕ್ಯಾಮೆರಾದ ತಳದ ಟ್ರೈಪಾಡ್ ತೂತಿಗೆ ಹೊಂದುವ ಕಾಲು ಇಂಚಿನ, ಇಂಚಿಗೆ 20 ಥ್ರೆಡ್‌ನ ಬೋಲ್ಟಿಗೆ ಎರಡು ಮೀಟರ್ ಗಟ್ಟಿ ದಾರ ಕಟ್ಟಿ, ಇನ್ನೊಂದು ತುದಿಯನ್ನು ಬೂಟಿನಡಿ ಮೆಟ್ಟಿ, ಕ್ಯಾಮೆರಾವನ್ನು ಮೇಲಕ್ಕೆ ಎಳೆದು ಹಿಡಿಯುವುದು. ಬೋಲ್ಟ್ 5 ಮಿ.ಮೀ.ಗಿಂತ ಒಳಹೋಗದಂತೆ ನಟ್ಟು ಹಾಕಿ ತಡೆಯಿರಿ, ಹೆಚ್ಚು ತಿರುಪಿದರೆ ತಳ ಒಡೆಯಬಹುದು. ದಾರ ಬಿಗಿಯಾಗಿದ್ದಾಗ ಮೇಲೆ-ಕೆಳಗಿನ ಜಗ್ಗಾಟ ಬಹುಮಟ್ಟಿಗೆ ನಿಲ್ಲುತ್ತದೆ.

ಸ್ಟೆಬಿಲೈಸೇಷನ್ ಇದ್ದೂ ಮಸುಕು

ಎಸ್‌ಎಲ್‌ಆರ್ ಲೆನ್ಸಿನೊಳಗೆ ಈ ವ್ಯವಸ್ಥೆ ಮೊದಲು ಬಂದದ್ದು 1995ರಲ್ಲಿ, ಕ್ಯಾನನ್‌ನ 75-300 ಮಿ.ಮೀ. ಜೂಮ್‌ನಲ್ಲಿ. ಒಳಗಿನ ಗೈರೊ ಎಂಬ ಸಂವೇದಕ ಕೋನದ ಕದಲಿಕೆಯನ್ನು ಅಳೆಯುತ್ತದೆ, ಒಂದು ಗಾಜಿನ ಗುಂಪು ಅಥವಾ ಸೆನ್ಸರೇ ಎದುರು ದಿಕ್ಕಿಗೆ ಜರುಗಿ ಅದನ್ನು ಸರಿದೂಗಿಸುತ್ತದೆ. ನಾಲ್ಕು ಸ್ಟಾಪ್ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ 1/300 ಬೇಕಾದಲ್ಲಿ ಸುಮಾರು 1/20 ಸಾಕು ಎಂದರ್ಥ. ಅದು ಅಳತೆಯ ಕೋಣೆಯ ಲೆಕ್ಕ. ಕೆಸರಿನ ಇಳಿಜಾರಿನಲ್ಲಿ ನಿಂತಾಗ ಅದರಲ್ಲಿ ಎರಡನ್ನಷ್ಟೇ ನಂಬುವುದು ಕ್ಷೇಮ.

ಇದು ಇದ್ದೂ ಮಸುಕಾಗಲು ಕೆಲವು ಕಾರಣಗಳಿವೆ. ಹೆಚ್ಚಿನವರು ಮಾಡುವ ತಪ್ಪು ಅವಸರ. ಗುಂಡಿಯನ್ನು ಅರ್ಧ ಒತ್ತಿದ ಮೇಲೆ ಗೈರೊ ಹದಕ್ಕೆ ಬರಲು ಅರ್ಧದಿಂದ ಒಂದು ಸೆಕೆಂಡು ಬೇಕು; ವ್ಯೂಫೈಂಡರಿನಲ್ಲಿ ಚಿತ್ರ ಎಣ್ಣೆಯಲ್ಲಿ ತೇಲಿದಂತೆ ನಿಧಾನವಾಗುವುದು ಕಾಣುತ್ತದೆ. ಅದು ಕಂಡ ಮೇಲೆ ಪೂರ್ತಿ ಒತ್ತಿ. ಓಡುವ ವಸ್ತುವಿನ ಜೊತೆ ಕ್ಯಾಮೆರಾ ತಿರುಗಿಸುವಾಗ ಸ್ಟೆಬಿಲೈಸರ್ ಮಾಮೂಲಿ ಮೋಡ್ 1ರಲ್ಲಿದ್ದರೆ ನಿಮ್ಮ ತಿರುಗಿಸುವಿಕೆಯನ್ನೇ ಅದು ನಡುಕ ಎಂದು ತಡೆಯಲು ಹೋಗುತ್ತದೆ. ಕ್ಯಾನನ್, ಸೋನಿ ಲೆನ್ಸುಗಳಲ್ಲಿ ಅದಕ್ಕೆ ಮೋಡ್ 2 ಇದೆ. ಲೆನ್ಸಿನೊಳಗಿನ ಸ್ಟೆಬಿಲೈಸರ್ ಗಿರಕಿಯನ್ನು ತಿದ್ದಲಾರದು, ಅದು ಸೆನ್ಸರ್ ತಿರುಗುವ ಕ್ಯಾಮೆರಾಗಳಿಗೆ ಮಾತ್ರ ಸಾಧ್ಯ.

ಇನ್ನು ಎದುರಿನದು ಕದಲಿದರೆ ಯಾವ ಸ್ಟೆಬಿಲೈಸರೂ ಏನೂ ಮಾಡದು. ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ, ಅದು 1997ರಿಂದ ನಡೆದು ಬಂದಿದೆ, ಬೌಂಡರಿ ಬಳಿ ಕೂತು 1/125ರಲ್ಲಿ ತೆಗೆದರೆ ಗೋಲ್ ಪೋಸ್ಟ್ ಗಟ್ಟಿಯಾಗಿ, ಆಟಗಾರನ ಕೈ ಮತ್ತು ಸ್ಟಿಕ್ ಹೊಗೆಯಾಗಿ ಬರುತ್ತವೆ. ಅಲ್ಲಿ 1/1000 ಬೇಕು. ಸುಗ್ಗಿಹಬ್ಬ ಪುತ್ತರಿಯ ಕೋಲಾಟಕ್ಕೆ 1/500ರಿಂದ ಶುರುಮಾಡಿ.

ಜೀಪು, ತೂಗುಸೇತುವೆ, ಗಾಳಿ

ನಾಗರಹೊಳೆಯ ಸಫಾರಿ ವಾಹನದಲ್ಲಿ ಕೂತು ತೆಗೆದ ಫೋಟೊಗಳಲ್ಲಿ ಜೋಡಿ ಅಂಚು ಕಾಣುವುದು ತೀರಾ ಸಾಮಾನ್ಯ. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಸುಮಾರು 27 ಬಡಿತ. ಕಂಬಿಗೆ ಮೊಣಕೈ ಊರಿದರೆ ಅಷ್ಟೂ ಬಡಿತ ನೇರ ಲೆನ್ಸಿಗೆ ಹೋಗುತ್ತದೆ. ಆಸರೆ ಎಂದುಕೊಂಡದ್ದೇ ಇಲ್ಲಿ ದೋಷದ ಮೂಲ. ಡ್ರೈವರ್ ಅಣ್ಣನಿಗೆ ಎಂಜಿನ್ ಆಫ್ ಮಾಡಲು ಕೇಳಿಕೊಳ್ಳಿ. ಆಗದಿದ್ದರೆ ಬೆನ್ನನ್ನೂ ಸೀಟಿನಿಂದ ಬಿಡಿಸಿ, ಮೊಣಕೈ ಮೈಗೆ ಒತ್ತಿ, 1/1000 ಹತ್ತಿರ ಹೋಗಿ. ನಿಕಾನ್ ಲೆನ್ಸಿನಲ್ಲಿ ‘ಆ್ಯಕ್ಟಿವ್’ ಎಂಬ ಆಯ್ಕೆ ಇದ್ದರೆ ಅದು ಇರುವುದು ಇಂಥ ವಾಹನದ ಕುಲುಕಾಟಕ್ಕೇ. ಎಂಜಿನ್ ನಿಂತಿದ್ದರೆ ಬೀನ್ ಬ್ಯಾಗ್‌ಗೆ ಸಮವಾದದ್ದಿಲ್ಲ: ಹಳೆಯ ಪ್ಯಾಂಟಿನ ಕಾಲಿನ ಬಟ್ಟೆಯಲ್ಲಿ ಹೊಲಿದ ಚೀಲಕ್ಕೆ ಒಂದೂವರೆ ಕಿಲೊ ಅಕ್ಕಿ, ಮುಕ್ಕಾಲು ಭಾಗ ಮಾತ್ರ ತುಂಬಿ. ಪೂರ್ತಿ ತುಂಬಿದರೆ ಲೆನ್ಸ್ ಅದರೊಳಗೆ ಕೂರುವುದಿಲ್ಲ, ಉರುಳುತ್ತದೆ. ಪಕ್ಕದವರು ಸೀಟಿನಲ್ಲಿ ಎದ್ದು ಕೂತರೂ ವಾಹನ ತೂಗುತ್ತದೆ, ಅವರಿಗೂ ಮೊದಲೇ ಹೇಳಿಡಿ.

ಕುಶಾಲನಗರದ ಕಾವೇರಿ ನಿಸರ್ಗಧಾಮದ ತೂಗುಸೇತುವೆಯ ನಡುವೆ ನಿಂತು ಹೊಳೆಯ ಫೋಟೊ ತೆಗೆಯುವವರು ಬಹಳ. ಜನರ ನಡಿಗೆಗೆ ಸೇತುವೆ ನಿಧಾನವಾಗಿ ತೂಗುತ್ತದೆ. ಸ್ಟೆಬಿಲೈಸರ್ ಈ ನಿಧಾನದ ದೊಡ್ಡ ತೂಗನ್ನು ಪೂರ್ತಿ ಹಿಡಿಯಲಾರದು. ದಡದ ಕಂಬದ ಹತ್ತಿರ ಬಂದು ನಿಲ್ಲಿ, ಇಲ್ಲವೇ ಗುಂಪು ದಾಟುವವರೆಗೆ ಕಾಯಿರಿ.

ಮಾಂದಲಪಟ್ಟಿಯಂಥ ಬೋಳು ಬೆಟ್ಟದಲ್ಲಿ ಗಾಳಿಯೇ ಕಾರಣ. ಉದ್ದದ ಲೆನ್ಸ್ ಹುಡ್ ಹಾಯಿಯಂತೆ ಗಾಳಿ ಹಿಡಿಯುತ್ತದೆ, ಪಟಪಟ ಹೊಡೆಯುವ ಪಟ್ಟಿ ಕ್ಯಾಮೆರಾವನ್ನು ಕುಟ್ಟುತ್ತದೆ. ಹುಡ್ ತೆಗೆದು, ಪಟ್ಟಿಯನ್ನು ಮುಂಗೈಗೆ ಸುತ್ತಿ, ಗಾಳಿಗೆ ಬೆನ್ನು ಕೊಟ್ಟು ಕೂತುಕೊಳ್ಳಿ.

ಹೂವಿನ ಹತ್ತಿರ

ಕಾಫಿ ಹೂವನ್ನು ಅರಳಿಸುವ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸುಗಳು ಹೊರಬರುತ್ತವೆ, ಅದರ ಜೊತೆಗೆ ಬೇರೆಯದೇ ದೋಷವೂ ಬರುತ್ತದೆ. ದೂರದ ಬೆಟ್ಟ ತೆಗೆಯುವಾಗ ಕ್ಯಾಮೆರಾ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಏನೂ ಆಗದು, ಕೋನ ಬದಲಾದರೆ ಮಾತ್ರ ಮಸುಕು. ಹೂವನ್ನು ಸೆನ್ಸರಿನ ಮೇಲೆ ಅದರದೇ ಗಾತ್ರದಲ್ಲಿ ಮೂಡಿಸುವಾಗ ಹಾಗಲ್ಲ. ಕ್ಯಾಮೆರಾ 0.1 ಮಿ.ಮೀ. ಪಕ್ಕಕ್ಕೆ ಸರಿದರೆ ಚಿತ್ರವೂ ಅಷ್ಟೇ ಸರಿಯುತ್ತದೆ, ಅಂದರೆ 25 ಪಿಕ್ಸೆಲ್. ಕೋನವನ್ನಷ್ಟೇ ಅಳೆಯುವ ಸ್ಟೆಬಿಲೈಸರಿಗೆ ಇದು ಗೊತ್ತೇ ಆಗುವುದಿಲ್ಲ. ಪಕ್ಕದ ಜರುಗನ್ನೂ ತಿದ್ದುವ ವ್ಯವಸ್ಥೆ 2009ರ ಕ್ಯಾನನ್ 100 ಮಿ.ಮೀ. ಮ್ಯಾಕ್ರೊದಲ್ಲಿ ಬಂತು, ಈಗಿನ ಐದು ಅಕ್ಷಗಳ ಸೆನ್ಸರ್ ವ್ಯವಸ್ಥೆಗಳಲ್ಲೂ ಇದೆ.

ಮೈ ಹಿಂದೆ ಮುಂದೆ ತೂಗುವುದು ಇನ್ನೊಂದು. ಇಷ್ಟು ಹತ್ತಿರದಲ್ಲಿ ಫೋಕಸ್ ಇರುವ ಪದರ ಒಂದು ಮಿಲಿಮೀಟರ್ ದಪ್ಪವೂ ಇರುವುದು ಕಷ್ಟ. ಫೋಕಸ್ ಮಾಡಿ ಗುಂಡಿ ಒತ್ತುವಷ್ಟರಲ್ಲಿ ನೀವು ಎರಡು ಮಿಲಿಮೀಟರ್ ಮುಂದೆ ಬಂದಿರುತ್ತೀರಿ. ಕೇಸರ ಮಸುಕಾಗಿ ಹಿಂದಿನ ಎಸಳು ಸ್ಪಷ್ಟವಾಗಿದ್ದರೆ ಆಟೊಫೋಕಸ್ ಕೆಟ್ಟಿದೆ ಎಂದುಕೊಳ್ಳಬೇಡಿ, ತೂಗಿದ್ದು ನೀವು. ಫೋಕಸನ್ನು ಒಂದು ದೂರಕ್ಕೆ ಕಟ್ಟಿಹಾಕಿ, ಮೈಯನ್ನೇ ನಿಧಾನ ಮುಂದೆ ತರುತ್ತ ಐದಾರು ಫೋಟೊ ಸರಣಿಯಾಗಿ ತೆಗೆಯಿರಿ. ಎಡಗೈಯ ಎರಡು ಬೆರಳಲ್ಲಿ ಕಾಫಿ ರೆಕ್ಕೆಯನ್ನು (ಹೂ ಬಿಡುವ ಅಡ್ಡಕೊಂಬೆ) ಹಿಡಿದು, ಅದೇ ಕೈಯ ಮಣಿಕಟ್ಟಿನ ಮೇಲೆ ಲೆನ್ಸನ್ನು ಕೂರಿಸಿದರೆ ಹೂವೂ ಕ್ಯಾಮೆರಾವೂ ಒಟ್ಟಿಗೇ ಅಲುಗುತ್ತವೆ, ಚಿತ್ರದಲ್ಲಿ ಎರಡೂ ನಿಂತಂತೆಯೇ. ಗಾಳಿ ಇದ್ದರೂ ಈ ಹಿಡಿತ ಕೈಕೊಡುವುದಿಲ್ಲ. ಫ್ಲ್ಯಾಶ್ ಇದ್ದರೆ ಬಿಳಿ ಬಟ್ಟೆ ಹೊದಿಸಿ ಕಡಿಮೆ ಶಕ್ತಿಯಲ್ಲಿ ಬಳಸಿ, ಅದರ ಮಿಂಚು 1/1000 ಸೆಕೆಂಡಿಗಿಂತ ಬಹಳ ಚಿಕ್ಕದು.

ಕ್ಯಾಮೆರಾದೊಳಗಿನ ಬಡಿತ

ಡಿಎಸ್‌ಎಲ್‌ಆರ್‌ನ ಕನ್ನಡಿ ಮೇಲೆದ್ದು ಬಡಿಯುವ ಏಟು 1/4ರಿಂದ 1/30ರವರೆಗಿನ ವೇಗಗಳಲ್ಲಿ ಹೆಚ್ಚು ಕಾಣುತ್ತದೆ. ಅದಕ್ಕಿಂತ ವೇಗದಲ್ಲಿ ಶಟರ್ ಬೇಗ ಮುಚ್ಚಿರುತ್ತದೆ, ಬಹಳ ನಿಧಾನದಲ್ಲಿ ಬಡಿತ ಮುಗಿದ ಮೇಲೂ ಬೆಳಕು ಬೀಳುತ್ತಲೇ ಇದ್ದು ಅದನ್ನು ಮುಚ್ಚಿಹಾಕುತ್ತದೆ. ಜಲಪಾತವನ್ನು 1/8ರಲ್ಲಿ ಟ್ರೈಪಾಡ್ ಮೇಲಿಟ್ಟು ತೆಗೆದರೂ ಬಂಡೆ ಮಸುಕು ಎನ್ನುವವರು ಮಿರರ್ ಅಪ್ (ಕನ್ನಡಿಯನ್ನು ಮೊದಲೇ ಎತ್ತಿಡುವ ಆಯ್ಕೆ) ಜೊತೆ 2 ಸೆಕೆಂಡಿನ ಟೈಮರ್ ಹಾಕಿ ನೋಡಿ. ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ, ಆದರೆ ಮೆಕ್ಯಾನಿಕಲ್ ಶಟರ್ ಪರದೆಯ ಏಟು ಹಗುರ ಕ್ಯಾಮೆರಾಗಳಲ್ಲಿ 1/60ರಿಂದ 1/250ರ ಸುಮಾರಿಗೆ ಮೇಲೆ-ಕೆಳಗಿನ ಜೋಡಿ ಅಂಚು ಮೂಡಿಸಬಹುದು. ಮೆನುವಿನಲ್ಲಿ ‘ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್’ (ಶಟರಿನ ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡುವುದು) ಆನ್ ಮಾಡಿದರೆ ಅದು ಹೋಗುತ್ತದೆ. ಪೂರ್ತಿ ಎಲೆಕ್ಟ್ರಾನಿಕ್ ಶಟರ್ ಎಲ್ಲ ಕಡೆ ಆಗದು: ಮಡಿಕೇರಿ ದಸರಾದ ದಶಮಂಟಪಗಳ (ಮೆರವಣಿಗೆಯ ಹತ್ತು ಮಂಟಪ) ದೀಪದಡಿ ಚಿತ್ರದ ಮೇಲೆ ಪಟ್ಟೆಗಳು ಬರುತ್ತವೆ. 50 ಹರ್ಟ್ಸ್ ವಿದ್ಯುತ್ತಿನ ದೀಪ ಸೆಕೆಂಡಿಗೆ 100 ಸಲ ಮಿನುಗುವುದರಿಂದ ಅಲ್ಲಿ ಮೆಕ್ಯಾನಿಕಲ್ ಶಟರಿನ 1/100 ಒಳ್ಳೆಯದು.

ಟ್ರೈಪಾಡ್ ಮೇಲಿದ್ದಾಗ ಹಳೆಯ ಲೆನ್ಸುಗಳ ಸ್ಟೆಬಿಲೈಸರ್ ಆಫ್ ಮಾಡಿ. ಇಲ್ಲದ ನಡುಕವನ್ನು ಹುಡುಕುತ್ತ ಅದೇ ಚಿತ್ರವನ್ನು ತೇಲಿಸುತ್ತದೆ. ತೋಟದ ತರಗೆಲೆಯ ಮೇಲೆ ಕಾಲೂರಿದ ಟ್ರೈಪಾಡ್ ನಿಮಿಷಕ್ಕಿಷ್ಟು ಕುಸಿಯುತ್ತಿರುತ್ತದೆ. ಎಲೆ ಸರಿಸಿ, ಮಣ್ಣಿಗೆ ಒತ್ತಿ ನಿಲ್ಲಿಸಿ, ನಡುವಿನ ಕಂಬವನ್ನು ಏರಿಸಬೇಡಿ.

ಅಲುಗಾಟವಲ್ಲದ್ದು

ಚಳಿಯ ಮುಂಜಾನೆ ಹೊರಗಿದ್ದ ಕ್ಯಾಮೆರಾವನ್ನು ಬೆಚ್ಚಗಿನ ಅಡುಗೆಮನೆಗೆ ತಂದರೆ, ಅಥವಾ ಎಸಿ ಹಾಕಿದ ಕಾರಿನಿಂದ ಹಸಿ ಗಾಳಿಗೆ ತೆಗೆದರೆ ಗಾಜಿಗೆ ಆವಿ ಕೂರುತ್ತದೆ. ಒಳಗೆ ತರುವ ಮೊದಲೇ ಜಿಪ್ ಚೀಲದಲ್ಲಿ ಮುಚ್ಚಿ ಅರ್ಧ ಗಂಟೆ ಬಿಡಿ. ಮಳೆಗಾಲ ಕಳೆದ ಮೇಲೆ ಲೆನ್ಸಿನ ಹಿಂದಿನಿಂದ ಟಾರ್ಚ್ ಹಾಕಿ ಮುಂದಿನಿಂದ ನೋಡಿ: ಜೇಡರ ನೂಲಿನಂಥ ಎಳೆಗಳಿದ್ದರೆ ಬೂಸ್ಟು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು, ಜೆಲ್ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸುವುದು ಇಲ್ಲಿ ತಪ್ಪಿಸಲಾಗದ ಕೆಲಸ.

ಏಪ್ರಿಲ್ ಮಧ್ಯಾಹ್ನದ ಮೈದಾನದಲ್ಲಿ ನೂರು ಮೀಟರ್ ದೂರದ ಆಟಗಾರ 1/2000ಕ್ಕೂ ಮಸುಕಾದರೆ ಅದು ನೆಲದ ಕಾವಿನಿಂದ ಗಾಳಿ ಕದಡಿದ್ದು. ಫೋಟೊದಿಂದ ಫೋಟೊಗೆ ಮಸುಕಿನ ಆಕಾರ ಬದಲಾಗುವುದು ಅದರ ಗುರುತು. ಹತ್ತಿರ ಹೋಗುವುದು ಅಥವಾ ಬೆಳಗಿನ ಪಂದ್ಯಕ್ಕೆ ಬರುವುದು ಬಿಟ್ಟರೆ ಉಪಾಯವಿಲ್ಲ. ನೀರನ್ನು ರೇಷ್ಮೆಯಂತೆ ತೋರಿಸಲು ಎಫ್/22 ಹಾಕಿದವರ ಚಿತ್ರ ಪೂರ್ತಿ ಮೆತ್ತಗಾಗುವುದು ಬೆಳಕು ಸಣ್ಣ ಕಿಂಡಿಯಲ್ಲಿ ಹರಡಿಕೊಳ್ಳುವುದರಿಂದ. ಎಫ್/8 ಅಥವಾ 11ರಲ್ಲಿಟ್ಟು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ.

ಫೋನಿನಲ್ಲಿ ತೆಗೆಯುವವರು ಎಲ್ಲಕ್ಕಿಂತ ಮೊದಲು ಲೆನ್ಸಿನ ಮೇಲಿನ ಬೆರಳಿನ ಜಿಡ್ಡನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ನೈಟ್ ಮೋಡ್ ಹಲವು ಫೋಟೊಗಳನ್ನು ಸೇರಿಸಿ ಒಂದು ಮಾಡುತ್ತದೆ, ‘ಸೆಕೆಂಡು’ ಎಣಿಕೆ ಮುಗಿಯುವವರೆಗೆ ಫೋನನ್ನು ಗೋಡೆಗೋ ಕಂಬಕ್ಕೋ ಒತ್ತಿ ಹಿಡಿಯಿರಿ.

ಈಗಾಗಲೇ ಮಸುಕಾಗಿರುವ, ಮತ್ತೆ ತೆಗೆಯಲಾಗದ ಫೋಟೊ ಇದ್ದರೆ ಅಳಿಸುವ ಮೊದಲು ಗೆರೆಯ ಉದ್ದವನ್ನು ಪಿಕ್ಸೆಲ್‌ನಲ್ಲಿ ಅಳೆಯಿರಿ. 6000 ಪಿಕ್ಸೆಲ್ ಅಗಲದ ಫೈಲನ್ನು 6 ಇಂಚು ಅಗಲದ ಪ್ರಿಂಟಿಗೆ, ಇಂಚಿಗೆ 300 ಚುಕ್ಕೆಯಂತೆ ಇಳಿಸಿದಾಗ 1800 ಪಿಕ್ಸೆಲ್ ಸಾಕು, ಅಂದರೆ ಮೂರು ಪಿಕ್ಸೆಲ್ ಸೇರಿ ಒಂದಾಗುತ್ತವೆ. ಮೂರು ಪಿಕ್ಸೆಲ್‌ನ ಅಲುಗಾಟ ಅಲ್ಲಿ ಕಾಣುವುದೇ ಇಲ್ಲ, ಆರು ಪಿಕ್ಸೆಲ್‌ನದೂ ತುಸು ಮೆತ್ತಗೆ ಅನಿಸೀತು ಅಷ್ಟೇ. ಇಪ್ಪತ್ತು ದಾಟಿದ್ದರೆ ಶಾರ್ಪನ್ ಮಾಡಿದಷ್ಟೂ ಜೋಡಿ ಗೆರೆ ಗಟ್ಟಿಯಾಗುತ್ತದೆ. ಮಸುಕು ತೆಗೆಯುವ ಎಐ ತಂತ್ರಾಂಶಗಳು ಅಲ್ಲಿ ಇಲ್ಲದ ಗರಿ, ಇಲ್ಲದ ರೆಪ್ಪೆಗೂದಲನ್ನು ಊಹಿಸಿ ಬರೆಯುತ್ತವೆ. ಅಜ್ಜಿಯ ಮುಖವಿರುವ ಫೋಟೊವಾದರೆ ಅದನ್ನು ಮಾಡಿಸಬೇಡಿ, ಮೂಲ ಫೈಲನ್ನು ಹಾಗೇ ಸಣ್ಣ ಅಳತೆಗೆ ಪ್ರಿಂಟ್ ಹಾಕಿಸಿ.